ನೆಲಮಾಳಿಗೆಯಲ್ಲಿ ಒಂದು ತಪ್ಪೊಪ್ಪಿಗೆ



ಈ ಸಲದ ಲೇಖನ ನಿಮಗಾಗಿ. ನಿಮ್ಮಲ್ಲಿ ಕೆಲವರು ಕನ್ನಡವನ್ನು ಸರಾಗವಾಗಿ ಓದುತ್ತೀರಿ, ಕೆಲವರು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತೀರಿ, ಇನ್ನು ಕೆಲವರು ಪತ್ರಿಕೆಯನ್ನು ಅಮ್ಮನ ಕೈಗೋ ಅಜ್ಜಿಯ ಕೈಗೋ ಕೊಟ್ಟು ‘ನೀವೇ ಓದಿ ಹೇಳಿ’ ಎನ್ನುತ್ತೀರಿ. ಮೂರೂ ಸರಿಯೇ. ಓದಿ ಹೇಳುವ ಅಮ್ಮಂದಿರಿಗೆ ಮೊದಲೇ ತಿಳಿಸಿಬಿಡುತ್ತೇನೆ: ಇದು ರಾಜ್ಯೋತ್ಸವದ ವರದಿಯಲ್ಲ, ಹಪ್ಪಳ ಸಂಡಿಗೆಯ ವಿಧಾನವೂ ಅಲ್ಲ. ನಿಮ್ಮ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ನೋಡುತ್ತಾರಲ್ಲ, ಆ ಜಪಾನಿ ಅನಿಮೆಗಳಲ್ಲಿ ಒಂದರ ಒಂದೇ ಒಂದು ಕಂತಿನ ವಿಚಾರ.

‘ಆಂಟಿ, ನೀವೂ ಅನಿಮೆ ನೋಡುತ್ತೀರಾ?’ ಎಂದು ಕೇಳಬೇಡಿ. ಜಪಾನಿನ ಕಾರ್ಟೂನು ನಮ್ಮ ಪೀಳಿಗೆಗೆ ಅಪರಿಚಿತವೇನಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ‘ಜಂಗಲ್ ಬುಕ್’ನ ಮೋಗ್ಲಿ ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯಲ್ಲಿ ಹುಟ್ಟಿದವನು. ಹಿಂದಿಯಲ್ಲಿ ಮಾತಾಡುತ್ತಿದ್ದನಾದ್ದರಿಂದ ನಮಗೆ ಗೊತ್ತಾಗಲಿಲ್ಲ, ಅಷ್ಟೆ. ಆದರೆ ಮೋಗ್ಲಿಯಿಂದ ನಾನೀಗ ಹೇಳಹೊರಟಿರುವ ಕಥೆಗೆ ಬಹಳ ದೂರ. ಇದರಲ್ಲಿ ಮನುಷ್ಯರನ್ನು ತಿನ್ನುವ ದೈತ್ಯರಿದ್ದಾರೆ. ರಕ್ತ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಚಿಕ್ಕ ಮಕ್ಕಳಿಗೆ ಖಂಡಿತ ಹೇಳಿದ್ದಲ್ಲ.

ಧಾರಾವಾಹಿಯ ಹೆಸರು ‘ಅಟ್ಯಾಕ್ ಆನ್ ಟೈಟನ್’. ಹಾಜಿಮೆ ಇಸಯಾಮಾ ಎಂಬ ಚಿತ್ರಕಾರ 2009ರಲ್ಲಿ ಇದನ್ನು ಒಂದು ಮಾಸಪತ್ರಿಕೆಯಲ್ಲಿ ಚಿತ್ರಕಥೆಯಾಗಿ ಆರಂಭಿಸಿದಾಗ ಆತನಿಗೆ ಇಪ್ಪತ್ತಮೂರು ವರ್ಷ. ಓಯಿತಾ ಪ್ರಾಂತದ ಬೆಟ್ಟಗಳ ನಡುವಿನ ಊರಿನವನು. 2021ರ ಏಪ್ರಿಲ್‌ನಲ್ಲಿ 139ನೆಯ ಅಧ್ಯಾಯದೊಂದಿಗೆ ಕಥೆ ಮುಗಿಸಿದ. ಅನಿಮೆ ರೂಪ 2013ರಲ್ಲಿ ಶುರುವಾಗಿ 2023ರ ನವೆಂಬರ್‌ನಲ್ಲಿ ಮುಗಿಯಿತು. ನಾನು ಹೇಳುತ್ತಿರುವುದು ಕೊನೆಯ ಭಾಗದ ಐದನೆಯ ಕಂತು. ಮೊದಲಿನಿಂದ ಎಣಿಸಿದರೆ 64ನೆಯದು. ‘ಯುದ್ಧ ಘೋಷಣೆ’ ಎಂಬ ಅರ್ಥದ ಹೆಸರಿನ ಈ ಕಂತು ಜಪಾನಿನಲ್ಲಿ ಪ್ರಸಾರವಾದದ್ದು 2021ರ ಜನವರಿಯಲ್ಲಿ. ಇನ್ನೂ ನೋಡದವರು, ಮುಂದೆ ನೋಡಬೇಕೆಂದಿರುವವರು ಇಲ್ಲಿಯೇ ಪುಟ ಮಗುಚಿಬಿಡಿ. ಕಥೆಯ ಗುಟ್ಟನ್ನು ಬಚ್ಚಿಟ್ಟುಕೊಂಡು ಈ ಕಂತಿನ ಬಗ್ಗೆ ಮಾತಾಡಲು ಸಾಧ್ಯವೇ ಇಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಪ್ಯಾರಡಿಸ್ ಎಂಬ ದ್ವೀಪದಲ್ಲಿ ಎತ್ತರದ ಗೋಡೆಗಳ ಒಳಗೆ ಜನ ಬದುಕಿದ್ದಾರೆ. ಗೋಡೆಯಾಚೆ ದೈತ್ಯರು. ಒಂದು ದಿನ ಆಕಾಶದೆತ್ತರದ ದೈತ್ಯನೊಬ್ಬ ಹೊರಬಾಗಿಲನ್ನು ಒದ್ದು ಒಡೆಯುತ್ತಾನೆ, ಕವಚ ತೊಟ್ಟಂಥ ಮೈಯ ಇನ್ನೊಬ್ಬ ಒಳಬಾಗಿಲನ್ನು ಗುದ್ದಿ ಪುಡಿಮಾಡುತ್ತಾನೆ. ಹಾರಿಬಂದ ಕಲ್ಲಿಗೆ ಮನೆ ಕುಸಿದು, ತೊಲೆಯಡಿ ಸಿಕ್ಕಿಬಿದ್ದ ತಾಯಿಯನ್ನು ದೈತ್ಯನೊಬ್ಬಳು ಎತ್ತಿಕೊಂಡು ತಿನ್ನುವುದನ್ನು ಹತ್ತು ವರ್ಷದ ಎರೆನ್ ಎಂಬ ಹುಡುಗ ಕಣ್ಣಾರೆ ನೋಡುತ್ತಾನೆ. ಆ ಸೇಡಿಗಾಗಿ ಸೈನ್ಯ ಸೇರುತ್ತಾನೆ. ತರಬೇತಿಯಲ್ಲಿ ಅವನಿಗೆ ಅಣ್ಣನಂತೆ ಧೈರ್ಯ ಹೇಳುವವನು ರೈನರ್. ಗಟ್ಟಿಮುಟ್ಟಾದ ಹುಡುಗ, ಎಲ್ಲರಿಗೂ ಬೇಕಾದವನು, ಯಾರಿಗೆ ಕಷ್ಟವಾದರೂ ಮುಂದೆ ನಿಲ್ಲುವವನು.

ಗೋಡೆ ಒಡೆದ ಆ ಕವಚದ ದೈತ್ಯ ಇದೇ ರೈನರ್.

‘ಉಂಡ ಮನೆಯ ಜಂತೆ ಎಣಿಸುವುದು’ ಎಂಬ ಮಾತನ್ನು ನಿಮ್ಮ ಅಜ್ಜಿಯಂದಿರಿಂದ ಕೇಳಿರಬಹುದು. ಜಂತೆ ಎಂದರೆ ಹಳೆಯ ಮನೆಗಳ ಛಾವಣಿಗೆ ಆಧಾರವಾಗಿರುವ ಮರದ ತೊಲೆ. ಊಟ ಹಾಕಿದ ಮನೆಯಲ್ಲೇ ಕೂತು, ತಲೆಯೆತ್ತಿ, ಈ ಮನೆಯನ್ನು ಎಲ್ಲಿಂದ ಕೆಡವಬಹುದೆಂದು ಲೆಕ್ಕ ಹಾಕುವವನಿಗೆ ಈ ಮಾತು. ರೈನರ್ ಮಾಡಿದ್ದು ಅಕ್ಷರಶಃ ಇದನ್ನೇ. ಅವನ ಗೆಳೆಯರಾದ ಬರ್ಟೋಲ್ಟ್ ಮತ್ತು ಆನಿ ಕೂಡ. ಸಮುದ್ರದಾಚೆಯ ಮಾರ್ಲೆ ಎಂಬ ದೇಶ ಕಳುಹಿಸಿದ ಮಕ್ಕಳು ಇವರು. ಮಕ್ಕಳೇ, ಏಕೆಂದರೆ ಗೋಡೆ ಒಡೆದಾಗ ರೈನರ್‌ಗೆ ಹನ್ನೆರಡರ ಆಸುಪಾಸು. ಮಾರ್ಲೆಯಲ್ಲಿ ಎಲ್ಡಿಯನ್ ಎಂಬ ಕುಲದವರನ್ನು ತೋಳಿಗೆ ಪಟ್ಟಿ ಕಟ್ಟಿಸಿ, ಲಿಬೇರಿಯೋ ಎಂಬ ಕೇರಿಯೊಳಗೆ ಬೇಲಿ ಹಾಕಿ ಇಟ್ಟಿದ್ದಾರೆ. ರೈನರ್‌ನ ತಾಯಿ ಆ ಕುಲದವಳು, ತಂದೆ ಮಾರ್ಲೆಯವನು. ಮಗ ಯೋಧನಾದರೆ ಮನೆಯವರಿಗೆಲ್ಲ ಗೌರವ ಪೌರತ್ವ ಸಿಗುತ್ತದೆ, ಆಗ ಅಪ್ಪನೊಂದಿಗೆ ಒಂದೇ ಸೂರಿನಡಿ ಇರಬಹುದು ಎಂಬುದು ತಾಯಿಯ ಆಸೆ. ಆ ಆಸೆಯನ್ನು ಹೊತ್ತುಕೊಂಡು ಹುಡುಗ ಯೋಧನಾದ. ಕೊನೆಗೆ ಅಪ್ಪನನ್ನು ಹುಡುಕಿಕೊಂಡು ಹೋದರೆ ಅಪ್ಪ ಕೂಗಾಡಿ ಓಡಿಸಿದ. ‘ದ್ವೀಪದಲ್ಲಿರುವವರು ಮನುಷ್ಯರಲ್ಲ, ಪಿಶಾಚಿಗಳು’ ಎಂದು ಶಾಲೆಯಲ್ಲೂ ಮನೆಯಲ್ಲೂ ಕಲಿಸಿ ಇವರನ್ನು ಕಳುಹಿಸಿದ್ದರು. ಬಂದು ನೋಡಿದರೆ ಪಿಶಾಚಿಗಳು ಇವರಂತೆಯೇ ಗಂಜಿ ಕುಡಿಯುತ್ತಿದ್ದರು, ತಮಾಷೆ ಮಾಡುತ್ತಿದ್ದರು, ತಾಯಿಯನ್ನು ನೆನೆದು ಅಳುತ್ತಿದ್ದರು.

ಇಲ್ಲಿಂದ ರೈನರ್‌ನ ಮನಸ್ಸು ಎರಡಾಗಿ ಸೀಳುತ್ತದೆ. ದ್ವೀಪದವರ ನಡುವೆ ಅವನೊಬ್ಬ ಒಳ್ಳೆಯ ಸಿಪಾಯಿ. ತನ್ನವರ ನಡುವೆ ಮಾರ್ಲೆಯ ಯೋಧ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಎಂದು ಬೆಳೆದ ನಿಮಗೆ ಎರಡು ಕಡೆ ಎರಡು ಥರ ಇರುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನಿಮ್ಮ ಎರಡು ಬದುಕುಗಳು ಒಂದನ್ನೊಂದು ಕೊಲ್ಲಬೇಕಾಗಿಲ್ಲ. ಅವನಿಗೆ ಹಾಗಿತ್ತು. ಮಾರ್ಕೋ ಎಂಬ ಸಾಧು ಹುಡುಗ ಇವರ ಗುಟ್ಟಿನ ಮಾತನ್ನು ಕೇಳಿಸಿಕೊಂಡುಬಿಟ್ಟಾಗ ರೈನರ್ ಅವನನ್ನು ಅದುಮಿ ಹಿಡಿದ, ಅವನು ಹಾರಲು ಬಳಸುವ ಸಲಕರಣೆಯನ್ನು ಆನಿಯ ಕೈಯಲ್ಲಿ ಬಿಚ್ಚಿಸಿದ, ದೈತ್ಯನ ಬಾಯಿಗೆ ಬಿಟ್ಟ. ದೈತ್ಯ ಮಾರ್ಕೋನನ್ನು ತಿನ್ನುತ್ತಿರುವಾಗ ಅದೇ ರೈನರ್ ಗಾಬರಿಯಿಂದ ‘ಅಯ್ಯೋ, ಮಾರ್ಕೋನನ್ನು ಯಾಕೆ ತಿನ್ನುತ್ತಿದೆ?’ ಎಂದು ಕೇಳುತ್ತಾನೆ. 2019ರ ಭಾಗದಲ್ಲಿ ಈ ದೃಶ್ಯ ನೋಡಿದಾಗ ನಾನು ಟಿ.ವಿ. ಆರಿಸಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅವನು ನಟಿಸುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ. ತಾನು ಮಾಡಿದ್ದನ್ನು ಹೊರಲಾರದ ಮನಸ್ಸು ಹಾಗೆ ತಪ್ಪಿಸಿಕೊಳ್ಳುತ್ತದೆ.

ಈಗ ನಮ್ಮ ಕಂತಿಗೆ ಬರೋಣ.

ನಾಲ್ಕು ವರ್ಷ ಕಳೆದಿದೆ. ರೈನರ್ ತನ್ನ ದೇಶಕ್ಕೆ ಮರಳಿದ್ದಾನೆ. ಇಪ್ಪತ್ತೊಂದರ ಯುವಕ ನಲವತ್ತರವನಂತೆ ಕಾಣುತ್ತಾನೆ. ಎರಡು ಕಂತುಗಳ ಹಿಂದೆ ಅವನು ಬದುಕನ್ನೇ ಮುಗಿಸಿಕೊಳ್ಳುವ ಅಂಚಿಗೆ ಬಂದಿದ್ದ; ಆಗ ಹೊರಗೆ ಗೋಡೆಗೆ ಏನೋ ಬಡಿದ ಸದ್ದಾಯಿತು. ನೋಡಿದರೆ ಫಾಲ್ಕೋ ಎಂಬ ಹುಡುಗ, ತನ್ನ ಕೈಲಾಗದ್ದಕ್ಕೆ ಸಿಟ್ಟುಗೊಂಡು ಗೋಡೆಗೆ ಗುದ್ದುತ್ತಿದ್ದ. ಆ ಸದ್ದಿಗೆ ರೈನರ್‌ಗೆ ತನ್ನನ್ನು ನಂಬಿದ ಮಕ್ಕಳಿದ್ದಾರೆಂಬ ನೆನಪಾಗಿ ಕೈ ಕೆಳಗಿಳಿಸಿದ. ಈ ಫಾಲ್ಕೋನನ್ನು ನೆನಪಿಟ್ಟುಕೊಳ್ಳಿ.

ಊರಿನಲ್ಲಿ ದೊಡ್ಡ ಉತ್ಸವ. ದೇಶದೇಶಗಳ ರಾಯಭಾರಿಗಳು ಬಂದಿದ್ದಾರೆ. ವೇದಿಕೆಯ ಮೇಲೆ ವಿಲ್ಲಿ ಟೈಬರ್ ಎಂಬ ಶ್ರೀಮಂತ ಭಾಷಣಕ್ಕೆ ನಿಂತಿದ್ದಾನೆ. ಅದೇ ಹೊತ್ತಿಗೆ ಫಾಲ್ಕೋ ರೈನರ್‌ನನ್ನು ‘ನಿಮ್ಮನ್ನು ನೋಡಬೇಕೆನ್ನುವವರು ಒಬ್ಬರಿದ್ದಾರೆ’ ಎಂದು ಪಕ್ಕದ ಕಟ್ಟಡವೊಂದರ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಅಲ್ಲಿ ಕುರ್ಚಿಯ ಮೇಲೆ ಒಂದು ಕಾಲಿಲ್ಲದ, ಕೂದಲು ಬೆಳೆದ ಗಾಯಾಳು ಸಿಪಾಯಿ. ರೈನರ್‌ನ ಮುಖದ ಬಣ್ಣ ಹೋಗುತ್ತದೆ. ಅದು ಎರೆನ್.

ಕಂತು ಬಹುಮಟ್ಟಿಗೆ ಈ ಎರಡು ಜಾಗಗಳಲ್ಲೇ ನಡೆಯುತ್ತದೆ: ಮೇಲೆ ದೀಪ, ವಾದ್ಯ, ಸಾವಿರಾರು ಜನ, ಕೆಳಗೆ ಮಬ್ಬು ಬೆಳಕಿನಲ್ಲಿ ಮೂವರು. ಮೇಲೆಯೂ ಒಂದು ತಪ್ಪೊಪ್ಪಿಗೆ, ಕೆಳಗೂ ಒಂದು. ಇದನ್ನು ಗಮನಿಸದೆ ನೋಡಿದರೆ ಕಂತಿನ ಅರ್ಧ ಸ್ವಾರಸ್ಯವೇ ಹೋಯಿತು.

ಮೇಲಿನದು ವಿಲ್ಲಿ ಟೈಬರ್‌ನದು. ನೂರು ವರ್ಷಗಳ ಹಿಂದೆ ತನ್ನ ಪೂರ್ವಜರು ದುಷ್ಟ ರಾಜನನ್ನು ಸೋಲಿಸಿ ಜಗತ್ತನ್ನು ಉಳಿಸಿದರು ಎಂದು ಎಲ್ಲರೂ ನಂಬಿದ್ದರಲ್ಲ, ಅದು ಸುಳ್ಳು, ಆ ರಾಜನೇ ಯುದ್ಧ ಬೇಡವೆಂದು ತಮ್ಮ ಮನೆತನದೊಂದಿಗೆ ಒಪ್ಪಂದ ಮಾಡಿಕೊಂಡು ದ್ವೀಪಕ್ಕೆ ಹೋದ, ತಮ್ಮ ಮನೆತನದ ಕೀರ್ತಿಯೆಲ್ಲ ಎರವಲು ಎಂದು ಬಹಿರಂಗವಾಗಿ ಹೇಳುತ್ತಾನೆ. ತನ್ನ ರಕ್ತದ ಬಗ್ಗೆ ತನಗೇ ಹೇಸಿಗೆ ಎನ್ನುತ್ತಾನೆ. ಕೇಳುವವರ ಕಣ್ಣು ಒದ್ದೆ. ಆದರೆ ಆ ತಪ್ಪೊಪ್ಪಿಗೆ ಹೋಗಿ ಮುಟ್ಟುವುದೆಲ್ಲಿಗೆ? ‘ಆದ್ದರಿಂದ ಎಲ್ಲರೂ ಸೇರಿ ಆ ದ್ವೀಪವನ್ನು ನಾಶಮಾಡೋಣ’ ಎಂಬಲ್ಲಿಗೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ವಿಲ್ಲಿ ಹೇಡಿಯೇನಲ್ಲ. ತನ್ನ ಮೇಲೆ ದಾಳಿಯಾಗಬಹುದೆಂದು ಗೊತ್ತಿದ್ದೇ ನಿಂತಿದ್ದಾನೆ. ಆದರೂ ನಿಜ ಹೇಳಿದವನಿಗೆ ಸಿಗುವ ಗೌರವವನ್ನು ಹೊಸದೊಂದು ಕೊಲೆಗೆ ಬಂಡವಾಳ ಮಾಡಿಕೊಂಡ ಎನ್ನದೆ ವಿಧಿಯಿಲ್ಲ. (ಭಾಷಣ ಸ್ವಲ್ಪ ಉದ್ದವಾಯಿತು ಎಂದೂ ನನಗನ್ನಿಸಿತು. ಸಂಘದ ವಾರ್ಷಿಕೋತ್ಸವಗಳಲ್ಲಿ ಕೂತು ಅಭ್ಯಾಸವಿರುವುದರಿಂದ ಸಹಿಸಿಕೊಂಡೆ.)

ಕೆಳಗಿನದು ಹೀಗಲ್ಲ. ಎರೆನ್ ತನ್ನ ಅಂಗೈಯ ಗಾಯವನ್ನು ತೋರಿಸುತ್ತಾನೆ. ರಕ್ತ ಬಂದಿರುವುದರಿಂದ ಅವನು ಯಾವ ಕ್ಷಣದಲ್ಲಿ ಬೇಕಾದರೂ ದೈತ್ಯನಾಗಬಲ್ಲ. ಈ ಕಟ್ಟಡದ ಮೇಲೆ ಸಾಮಾನ್ಯ ಜನರ ಮನೆಗಳಿವೆ ಎಂದು ಮೆಲ್ಲಗೆ ಹೇಳುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ. ಯಾಕೆ ಬಂದೆ ಎಂದು ರೈನರ್ ನಡುಗುತ್ತಾ ಕೇಳಿದರೆ, ನೀನು ಬಂದ ಕಾರಣಕ್ಕೇ, ಬೇರೆ ದಾರಿಯಿರಲಿಲ್ಲ ಎನ್ನುತ್ತಾನೆ.

ಆಮೇಲೆ ಕೇಳುತ್ತಾನೆ: ಆ ದಿನ ನನ್ನ ತಾಯಿಯನ್ನು ದೈತ್ಯ ಯಾಕೆ ತಿಂದಿತು?

ನಾವು ಗೋಡೆ ಒಡೆದದ್ದರಿಂದ, ಎನ್ನುತ್ತಾನೆ ರೈನರ್. ಯಾಕೆ ಒಡೆದಿರಿ? ಆಜ್ಞೆಯಿತ್ತು, ಗಲಿಬಿಲಿಯೆಬ್ಬಿಸಿ ಒಳನುಗ್ಗಬೇಕಿತ್ತು. ಏನು ಆಜ್ಞೆ? ಜಗತ್ತನ್ನು ಉಳಿಸುವುದು. ಜಗತ್ತನ್ನು ಉಳಿಸಲೆಂದಾದರೆ ಬೇರೆ ದಾರಿಯಿರಲಿಲ್ಲ ಬಿಡು, ಎನ್ನುತ್ತಾನೆ ಎರೆನ್.

ಇಲ್ಲಿ ಸ್ವಲ್ಪ ನಿಲ್ಲಿ. ತಾಯಿಯನ್ನು ಕಳೆದುಕೊಂಡವನೇ ಅಪರಾಧಿಯ ಪರವಾಗಿ ವಕಾಲತ್ತು ಮಾಡುತ್ತಿದ್ದಾನೆ. ಇನ್ನೂ ಮುಂದೆ ಹೋಗುತ್ತಾನೆ. ನಾನೂ ಸಮುದ್ರ ದಾಟಿ ಬಂದೆ, ನಿಮ್ಮವರೊಂದಿಗೆ ಒಂದೇ ಸೂರಿನಡಿ ಮಲಗಿದೆ, ಒಂದೇ ಅನ್ನ ಉಂಡೆ, ಇಲ್ಲಿಯೂ ಕೆಟ್ಟವರಿದ್ದಾರೆ, ಒಳ್ಳೆಯವರಿದ್ದಾರೆ, ಗೋಡೆಯೊಳಗಿನ ಹಾಗೆಯೇ ಎನ್ನುತ್ತಾನೆ. ನೀನು ಆಗ ಮಗು, ನಿನಗೆ ಕಲಿಸಿದ್ದೇ ಅದು, ಮಗುವಾಗಿದ್ದ ನೀನು ಏನು ಮಾಡಲು ಸಾಧ್ಯವಿತ್ತು ಎಂದು ಕೇಳುತ್ತಾನೆ.

ಇದಕ್ಕಿಂತ ಉದಾರವಾದ ಮಾತು ಬೇಕೆ? ಕೇಸು ಖುಲಾಸೆಯಾದಂತೆಯೇ. ರೈನರ್ ‘ಹೌದು, ನನ್ನನ್ನು ಅರ್ಥ ಮಾಡಿಕೊಂಡೆ’ ಎಂದು ಕಣ್ಣೊರೆಸಿಕೊಂಡಿದ್ದರೆ ನಮ್ಮ ಸಿನಿಮಾಗಳಲ್ಲಿ ಅಲ್ಲಿಗೆ ಹಿನ್ನೆಲೆ ಸಂಗೀತ ಏರಿ, ಇಬ್ಬರೂ ತಬ್ಬಿಕೊಳ್ಳುತ್ತಿದ್ದರು. ರೈನರ್ ತಬ್ಬಿಕೊಳ್ಳುವುದಿಲ್ಲ. ಕುರ್ಚಿಯಿಂದ ಜಾರಿ ಮೊಣಕಾಲೂರಿ ನೆಲಕ್ಕೆ ಬೀಳುತ್ತಾನೆ, ಇಲ್ಲ, ಹಾಗಲ್ಲ ಎಂದು ಕಿರುಚುತ್ತಾನೆ.

ಅವನು ಹೇಳುವುದು ಇದು. ದ್ವೀಪ ಮುಟ್ಟಿದ ಹೊಸದರಲ್ಲೇ ಇವರ ನಾಯಕನಾಗಿದ್ದ ಮಾರ್ಸೆಲ್ ಎಂಬ ಹುಡುಗ ರೈನರ್‌ನನ್ನು ತಳ್ಳಿ ಉಳಿಸಿ ತಾನು ದೈತ್ಯನ ಬಾಯಿಗೆ ಬಿದ್ದಿದ್ದ. ಆನಿ, ಬರ್ಟೋಲ್ಟ್ ಇಬ್ಬರೂ ಮನೆಗೆ ಮರಳೋಣವೆಂದರು. ಅಲ್ಲಿಗೆ ಎಲ್ಲ ನಿಲ್ಲಬಹುದಿತ್ತು. ಗೋಡೆ ಒಡೆಯಬೇಕಾಗಿರಲಿಲ್ಲ. ಅವರನ್ನು ಒಪ್ಪಿಸಿ ಮುಂದೆ ನಡೆಸಿದವನು ರೈನರ್. ದೇಶಕ್ಕಾಗಿಯೇ? ಅವರ ಒತ್ತಾಯವೇ? ಅಲ್ಲ. ನಾನು ಹೀರೋ ಆಗಬೇಕಿತ್ತು, ಎಲ್ಲರೂ ನನ್ನನ್ನು ಗೌರವಿಸಬೇಕಿತ್ತು, ನಿನ್ನ ತಾಯಿ ಸತ್ತದ್ದು ನನ್ನಿಂದ, ಎನ್ನುತ್ತಾನೆ. ತನಗೆ ಇನ್ನು ಸಾಕು, ಇಲ್ಲವಾಗಿಬಿಡಬೇಕು ಎಂದು ಬೇಡಿಕೊಳ್ಳುತ್ತಾನೆ. ಧ್ವನಿ ಕೊಟ್ಟ ಯೋಶಿಮಾಸಾ ಹೊಸೋಯಾ ಈ ಮಾತುಗಳನ್ನು ಉಸಿರು ಸಿಕ್ಕದವನಂತೆ ನುಡಿದಿದ್ದಾರೆ. ದಯವಿಟ್ಟು ಇದೊಂದು ಕಂತನ್ನಾದರೂ ಇಂಗ್ಲಿಷ್ ಡಬ್ಬಿಂಗ್ ಬಿಟ್ಟು ಜಪಾನಿಯಲ್ಲೇ ಕೇಳಿ.

ಬಿ.ಎ. ಓದುವಾಗ ನಮಗೆ ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿಯ ಪರಿಚಯವಾಗಿತ್ತು. 1900ರಲ್ಲಿ ಪ್ರಕಟವಾದದ್ದು. ಎಂಟುನೂರು ಯಾತ್ರಿಕರಿದ್ದ ಹಡಗು ಮುಳುಗುತ್ತದೆಂದು ಹೆದರಿ, ಮಲಗಿದ್ದವರನ್ನು ಬಿಟ್ಟು ದೋಣಿಗೆ ಹಾರಿದ ಯುವ ಅಧಿಕಾರಿಯ ಕಥೆ ಅದು. ಅವನೂ ಸಾಹಸದ ಪುಸ್ತಕ ಓದಿ ಹೀರೋ ಆಗುವ ಕನಸು ಕಂಡವನೇ. ಹಡಗು ಮುಳುಗಲೂ ಇಲ್ಲ! ಜಿಮ್‌ಗೆ ಕೊನೆಯವರೆಗೂ ಕಾಡಿದ್ದು ಯಾತ್ರಿಕರಿಗೇನಾಯಿತು ಎನ್ನುವುದಕ್ಕಿಂತ, ತಾನು ಅಂದುಕೊಂಡಂಥ ಮನುಷ್ಯ ತಾನಲ್ಲವಲ್ಲ ಎಂಬುದು. ರೈನರ್ ಆ ಹಂತವನ್ನು ದಾಟಿದ್ದಾನೆ ಎಂದು ನನ್ನ ಭಾವನೆ. ಮಾರ್ಸೆಲ್ ಸತ್ತಾಗ ಅವನೂ ಜಿಮ್‌ನಂತೆ ಓಡಿಹೋಗಿದ್ದ. ಆ ಅವಮಾನ ಮುಚ್ಚಿಕೊಳ್ಳಲು ಹೀರೋ ವೇಷ ಹಾಕಿದ. ಈಗ ಆ ವೇಷವನ್ನೂ ಎದುರಿಗಿರುವವನ ಕಾಲ ಬಳಿ ಬಿಚ್ಚಿಟ್ಟಿದ್ದಾನೆ.

ಅವನು ತನ್ನ ಮೇಲೆ ಹೊರಿಸಿಕೊಳ್ಳುವ ಆರೋಪ ಯಾವುದು ನೋಡಿ. ಗೋಡೆ ಒಡೆದದ್ದನ್ನು ಅವನು ಮೊದಲೇ ಒಪ್ಪಿಯಾಗಿತ್ತು. 2017ರ ಭಾಗದಲ್ಲಿ ಗೋಡೆಯ ಮೇಲೆ ನಿಂತು, ಮಳೆ ಬರುತ್ತದೇನೋ ಎನ್ನುವಷ್ಟು ಸಲೀಸಾಗಿ, ಒಡೆದವರು ನಾವೇ ಎಂದು ಎರೆನ್‌ಗೆ ಹೇಳಿದ್ದ. ಅದು ಕೃತ್ಯದ ಒಪ್ಪಿಗೆ. ನೆಲಮಾಳಿಗೆಯಲ್ಲಿ ಒಪ್ಪಿಕೊಂಡದ್ದು ಒಳಗಿನ ಆಸೆಯನ್ನು. ಕನ್ನಡದವರಾದ ನಮಗೆ ಈ ವ್ಯತ್ಯಾಸ ಹೊಸದಲ್ಲ. ಜನ್ನನೆಂಬ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ರಾಜ ಯಶೋಧರ ಪ್ರಾಣಿಬಲಿ ಕೊಡಲಾರೆ ಎನ್ನುತ್ತಾನೆ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಜೀವವಿಲ್ಲದ ಹಿಟ್ಟು, ಆದರೆ ಕೊಲ್ಲುವ ಸಂಕಲ್ಪ ನಿಜವಾದದ್ದು. ಆ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಕರಾಳ ಅದ್ಭುತಕಥೆಯೆಂದರೆ ಜಪಾನಿನದೇ ಆಗಬೇಕೆ? ಎಂಟುನೂರು ವರ್ಷದ ಹಿಂದಿನದು ನಿಮ್ಮ ಮನೆಯ ಕಪಾಟಿನಲ್ಲೇ ಇರಬಹುದು, ಹೊಸಗನ್ನಡ ಅನುವಾದದಲ್ಲಿ ಓದಿ.

ಇಷ್ಟಾದರೂ ಎರೆನ್ ಹೇಳಿದ್ದು ಸುಳ್ಳೇನೂ ಅಲ್ಲ. ಹನ್ನೆರಡು ವರ್ಷದ ಮಗುವಿನ ತಲೆಗೆ ವಿಷ ತುಂಬಿ ಕಳುಹಿಸಿದವರ ಪಾಲು ದೊಡ್ಡದು. ನಿಮ್ಮಲ್ಲಿ ಕೆಲವರು ‘ಪಾಪ, ಅವನ ತಪ್ಪಿಲ್ಲ’ ಎಂದು ವಾದಿಸುತ್ತೀರೆಂದು ನನಗೆ ಗೊತ್ತು. ವಾದದಲ್ಲಿ ನಿಮ್ಮದೇ ಗೆಲುವಿರಬಹುದು. ಆದರೆ ‘ನೀನು ಮಗು’ ಎನ್ನುವ ಮಾತನ್ನು ನೊಂದವನು ಹೇಳಬಹುದು, ನೋಡುವ ನಾವು ಹೇಳಬಹುದು. ಮಾಡಿದವನೇ ಅದನ್ನು ಹೇಳಿಕೊಂಡರೆ ಅದರ ಅರ್ಥವೇ ಬದಲಾಗುತ್ತದೆ. ರೈನರ್ ಅದನ್ನು ಕೈಗೆ ಕೊಟ್ಟಾಗಲೂ ತೆಗೆದುಕೊಳ್ಳಲಿಲ್ಲ. ಇಡೀ ಧಾರಾವಾಹಿಯಲ್ಲಿ ಅವನು ಮಾಡಿದ ನಿಜವಾದ ಧೈರ್ಯದ ಕೆಲಸ ಇದೇ ಎಂದು ನನಗೆ ತೋರುತ್ತದೆ. ದೈತ್ಯನಾಗಿ ಗುದ್ದಾಡಿದ್ದೆಲ್ಲ ಇದರ ಮುಂದೆ ಏನೂ ಅಲ್ಲ.

ಹಾಗಾದರೆ ಎರೆನ್ ಕ್ಷಮಿಸಿದನೆ? ಇಲ್ಲಿಯೇ ಕಂತು ನಮ್ಮ ಬೆನ್ನಿಗೆ ಚಳಿ ಹುಟ್ಟಿಸುವುದು. ಅವನು ಕೈ ಚಾಚಿ, ಬಿದ್ದವನ ಕೈ ಹಿಡಿದು ಎತ್ತುತ್ತಾನೆ. ನಾನೂ ನಿನ್ನಂತೆಯೇ, ಹುಟ್ಟಿನಿಂದಲೇ ಹೀಗೆ ಎನ್ನುತ್ತಾನೆ. ಶತ್ರುಗಳು ನಾಶವಾಗುವವರೆಗೆ ಮುಂದೆ ಹೋಗುತ್ತಲೇ ಇರುತ್ತೇನೆ ಎನ್ನುತ್ತಾನೆ. ಮೇಲೆ ವಿಲ್ಲಿ ಯುದ್ಧ ಘೋಷಿಸುವ ಕ್ಷಣಕ್ಕೆ ಸರಿಯಾಗಿ, ಹಿಡಿದ ಕೈ ಹಿಡಿದಂತೆಯೇ, ಎರೆನ್ ದೈತ್ಯನಾಗುತ್ತಾನೆ. ಕಟ್ಟಡ ಸಿಡಿಯುತ್ತದೆ. ಕಿಟಕಿಯಲ್ಲಿ ನಿಂತು ಉತ್ಸವ ನೋಡುತ್ತಿದ್ದ ಸಂಸಾರಗಳು ಕಲ್ಲಿನಡಿ ಹೋಗುತ್ತವೆ. ಯಾವುದೋ ಮಗುವಿನ ತಾಯಿ ಅವರಲ್ಲಿಯೂ ಇದ್ದಳು.

ಹಾಗೆಂದ ಮೇಲೆ ‘ನಾನೂ ನಿನ್ನಂತೆಯೇ’ ಎಂಬುದು ಸಮಾಧಾನದ ಮಾತಾಗಿರಲಿಲ್ಲ. ರೈನರ್‌ನ ಅಪರಾಧವನ್ನು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡದ್ದು ಅದನ್ನೇ ತಾನೂ ಮಾಡಲಿರುವುದರಿಂದ. ಕಣ್ಣು ಮುಚ್ಚಿ ಮಾಡಿದವನು ಮೊಣಕಾಲ ಮೇಲಿದ್ದಾನೆ, ಕಣ್ಣು ತೆರೆದು ಮಾಡುವವನು ನಿಂತಿದ್ದಾನೆ. ನೊಂದವನಿಗೆ ನೋಯಿಸುವ ಹಕ್ಕು ಬಂದುಬಿಡುತ್ತದೆಯೇ ಎಂಬ ಪ್ರಶ್ನೆಗೆ ಎರೆನ್‌ನ ಅಭಿಮಾನಿಗಳು ಏನು ಹೇಳುತ್ತೀರೋ ಕೇಳುವ ಕುತೂಹಲ ನನಗಿದೆ. ನಿಮ್ಮಲ್ಲಿ ಬಹಳ ಮಂದಿ ಅವನ ಚಿತ್ರವಿರುವ ಟೀ ಶರ್ಟ್ ಹಾಕಿಕೊಂಡೇ ಗಣೇಶೋತ್ಸವಕ್ಕೆ ಬಂದದ್ದನ್ನು ನೋಡಿದ್ದೇನೆ.

ಫಾಲ್ಕೋನ ವಿಚಾರವನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಆ ನೆಲಮಾಳಿಗೆಯ ಮೂಲೆಯಲ್ಲಿ ಎಲ್ಲವನ್ನೂ ಕೇಳುತ್ತಾ ನಿಂತವನು ಅವನು. ಆಸ್ಪತ್ರೆಯ ಬೆಂಚಿನಲ್ಲಿ ಪರಿಚಯವಾದ ಗಾಯಾಳು ಸಿಪಾಯಿಯ ಮೇಲೆ ಕನಿಕರಪಟ್ಟು, ಅವನ ಕಾಗದಗಳನ್ನು ಮನೆಯವರಿಗೆಂದು ಅಂಚೆಗೆ ಹಾಕುತ್ತಿದ್ದ. ಆ ಕಾಗದಗಳು ದಾಳಿಗೆ ಬರಲಿರುವ ಎರೆನ್‌ನ ಸಂಗಡಿಗರಿಗೆ ಹೋಗುತ್ತಿದ್ದವು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ತನ್ನ ಊರಿಗೇ ಬೆಂಕಿ ತಂದಿತೆಂದು ಅವನಿಗೆ ತಿಳಿಯುವುದು ಈ ಕೋಣೆಯಲ್ಲೇ. ಮಕ್ಕಳನ್ನು ಹೀಗೆ ಬಳಸಿಕೊಳ್ಳುವುದರಿಂದಲೇ ರೈನರ್ ಆದದ್ದು; ಎರೆನ್ ಅದನ್ನೇ ಇನ್ನೊಂದು ಮಗುವಿಗೆ ಮಾಡಿದ. ನಂಬಿಕೆದ್ರೋಹ ಎಂದಾಗ ಎಲ್ಲರೂ ರೈನರ್‌ನನ್ನೇ ನೆನೆಯುತ್ತಾರೆ. ನನಗೆ ಈ ಕಂತಿನಲ್ಲಿ ಹೊಟ್ಟೆ ಕಿವುಚಿದ್ದು ಆ ಹುಡುಗನ ಮುಖ.

ಸಾಯಬೇಕೆಂದು ಬೇಡಿಕೊಳ್ಳುತ್ತಿದ್ದ ರೈನರ್, ಕಟ್ಟಡ ಸಿಡಿಯುವ ಆ ಕ್ಷಣದಲ್ಲಿ, ಫಾಲ್ಕೋನನ್ನು ತನ್ನ ಮೈಯಿಂದ ಮುಚ್ಚಿ ಉಳಿಸುತ್ತಾನೆ. ಅದಕ್ಕೆ ಭಾಷಣವಿಲ್ಲ. ಹೀರೋ ಆಗಬೇಕೆಂಬ ಯೋಚನೆಗೆ ಸಮಯವೂ ಇರಲಿಲ್ಲ, ನೋಡಿ ಮೆಚ್ಚಲು ಯಾರೂ ಇರಲಿಲ್ಲ.

ಧಾರಾವಾಹಿಯ ಎಲ್ಲವನ್ನೂ ನಾನು ಮೆಚ್ಚಿದ್ದೇನೆಂದು ತಿಳಿಯಬೇಡಿ. ತೋಳುಪಟ್ಟಿ, ಬೇಲಿ ಹಾಕಿದ ಕೇರಿ ಇವೆಲ್ಲ ಹಿಟ್ಲರನ ಕಾಲದಲ್ಲಿ ಯಹೂದ್ಯರು ಅನುಭವಿಸಿದ್ದನ್ನು ನೇರವಾಗಿ ನೆನಪಿಸುತ್ತವೆ. ನಿಜವಾಗಿ ನಡೆದ ಅಂಥ ಯಾತನೆಯನ್ನು ತಂದು, ಆ ಕುಲದವರಿಗೆ ನಿಜಕ್ಕೂ ದೈತ್ಯರಾಗುವ ಶಕ್ತಿಯಿದೆ ಎನ್ನುವ ಕಥೆಗೆ ಹೊಂದಿಸಿದ್ದು ನನಗೆ ಕಸಿವಿಸಿ ತಂದಿತು. ಇದನ್ನು ಆಕ್ಷೇಪಿಸಿದವರು ಬೇರೆ ದೇಶಗಳಲ್ಲೂ ಇದ್ದಾರೆ. ನೋಡುವಾಗ ಆ ಇತಿಹಾಸವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕೊನೆಯ ಕಂತುಗಳ ಬಗ್ಗೆಯೂ ನನಗೆ ತಕರಾರಿದೆ, ಅದು ಇನ್ನೊಂದು ಲೇಖನಕ್ಕಾಗುವಷ್ಟು.

ಆದರೆ ರೈನರ್‌ನ ಕಥೆಗೆ ಸೇರಿದ ಒಂದು ಕಂತನ್ನು ಹೇಳದೆ ಮುಗಿಸಲಾರೆ. 2022ರಲ್ಲಿ ಬಂದದ್ದು. ಎರೆನ್ ಜಗತ್ತನ್ನೇ ತುಳಿದುಹಾಕಲು ಹೊರಟಿದ್ದಾನೆ. ಅವನನ್ನು ತಡೆಯಲು ಎರಡೂ ಕಡೆಯವರು, ನಿನ್ನೆಯವರೆಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವರು, ಕಾಡಿನಲ್ಲಿ ರಾತ್ರಿ ಬೆಂಕಿಯ ಸುತ್ತ ಕೂತು ಒಂದೇ ಪಾತ್ರೆಯ ಸಾರು ಉಣ್ಣುತ್ತಾರೆ. ಅಲ್ಲಿ ಮಾರ್ಕೋನ ಪ್ರಾಣಸ್ನೇಹಿತ ಜಾನ್ ಇದ್ದಾನೆ. ಹಳೆಯ ಗಾಯವನ್ನು ಯಾರೋ ಕೆದಕುತ್ತಾರೆ. ಮಾರ್ಕೋ ಹೇಗೆ ಸತ್ತ ಎಂಬುದು ಹೊರಬರುತ್ತದೆ. ತಾನೇ ಸಲಕರಣೆ ಬಿಚ್ಚಿದ್ದು ಎಂದು ಆನಿ ಹೇಳಿದರೆ, ನಾನು ಹೇಳಿ ಮಾಡಿಸಿದ್ದು ಎಂದು ರೈನರ್ ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಸಾಕು, ಗೊತ್ತಾಯಿತು ಎನ್ನುತ್ತಾನೆ ಜಾನ್. ರೈನರ್ ನಿಲ್ಲಿಸುವುದಿಲ್ಲ. ತಾನೆಂಥ ಪಾಪಿ, ಕ್ಷಮೆಗೂ ಯೋಗ್ಯನಲ್ಲ ಎಂದು ಹೇಳುತ್ತಲೇ ಹೋಗುತ್ತಾನೆ. ಜಾನ್ ಎದ್ದು ಅವನ ಮುಖಕ್ಕೆ ಗುದ್ದುತ್ತಾನೆ, ಮತ್ತೆ ಮತ್ತೆ.

ಈ ಏಟಿಗೆ ಮಾರ್ಕೋನ ಸಾವಿನಷ್ಟೇ ಆ ನಿಲ್ಲದ ಕ್ಷಮಾಯಾಚನೆಯೂ ಕಾರಣ ಎಂದು ನಾನು ಓದಿಕೊಂಡೆ. ನೆಲಮಾಳಿಗೆಯಲ್ಲಿ ರೈನರ್ ಹೇಳಿದ್ದು ಕೇಳುವವನಿಗೆ ಗೊತ್ತಿಲ್ಲದ ಸತ್ಯ, ಕೇಳುವ ಹಕ್ಕು ಅವನಿಗಿತ್ತು. ಬೆಂಕಿಯ ಬಳಿ ಸತ್ಯ ಹೇಳಿ ಮುಗಿದ ಮೇಲೆ ಉಳಿದದ್ದು ತನ್ನ ಭಾರ ಇಳಿಸಿಕೊಳ್ಳುವ ಮಾತು. ಅದನ್ನು ಹೊರಬೇಕಾದವನು ಜಾನ್. ಕೊನೆಗೆ ನಡುವೆ ಬಂದು ಬೀಳುವುದು ರೈನರ್‌ನ ಸೋದರಸಂಬಂಧಿ ಹುಡುಗಿ ಗಬಿ. ರೈನರ್‌ಗೆ ಬೀಳಬೇಕಾದ ಒದೆ ಅವಳಿಗೆ ಬೀಳುತ್ತದೆ. ನೋವು ನುಂಗಿಕೊಂಡು ಅವಳು ಜಾನ್‌ನ ಮುಂದೆ ಅಳುತ್ತಾಳೆ, ಸಹಾಯ ಮಾಡಿ ಎಂದು ಬೇಡುತ್ತಾಳೆ. ಜಾನ್ ಕತ್ತಲೆಗೆ ನಡೆದುಬಿಡುತ್ತಾನೆ.

ಬೆಳಗಿನ ಜಾವ ಅವನೇ ಮರಳಿ ಬರುತ್ತಾನೆ. ಮಲಗಿದ್ದವರನ್ನು ಏಳಿಸುತ್ತಾನೆ. ಒದ್ದದ್ದಕ್ಕೆ ಗಬಿಯ ಕ್ಷಮೆ ಕೇಳುತ್ತಾನೆ, ತಾನೂ ಬರುತ್ತೇನೆ ಎನ್ನುತ್ತಾನೆ. ರೈನರ್‌ನನ್ನು ಕ್ಷಮಿಸಿದೆ ಎಂಬ ಮಾತು ಅವನ ಬಾಯಿಂದ ಬರುವುದಿಲ್ಲ. ರೈನರ್ ಕೂಡ ಕ್ಷಮಿಸು ಎಂದು ಮತ್ತೆ ಕೇಳುವುದಿಲ್ಲ. ಊದಿದ ಮುಖ ಹೊತ್ತು ಎದ್ದು ಅವರೊಡನೆ ಹೊರಡುತ್ತಾನೆ.